ದೂರಸಂಪರ್ಕದ ಅಂತರರಾಷ್ಟ್ರೀಯ ಮಾನದಂಡಗಳು, ಉದ್ಯಮದ ಪಾತ್ರ ಮತ್ತು ಹಳ್ಳಿಗಳ ನಡುವಿನ ದೂರ: ಒಂದು ವಿಶ್ಲೇಷಣೆ

ಪೀಠಿಕೆ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಭಾಗದಲ್ಲಿ ಮನೆಗಳು ಊರಿನ ನಡುವೆ ಒತ್ತೊತ್ತಾಗಿ ಕೂಡಿಕೊಂಡಿದ್ದು, ಒಂದು ಊರಿಗೂ ಮತ್ತೊಂದು ಊರಿಗೂ ನಡುವೆ ಹೊಲಗಳು, ಹಳ್ಳಗಳು ಹಾಗೂ ಕುರುಚಲು ಗುಡ್ಡಗಳು ಹರಡಿಕೊಂಡಿವೆ. ಊರಿನಿಂದ ಆಚೆಗೆ ದೊಡ್ಡಿಗಳು ಮತ್ತು ತಾಂಡಾಗಳು ಇವೆ. ಪಡಿತರಕ್ಕಾಗಿ ಬೆರಳಚ್ಚು ದೃಢೀಕರಣ, ಖಾತೆಗೆ ನೇರ ಹಣ ವರ್ಗಾವಣೆ, ಪಹಣಿ ಪಡೆಯುವುದು ಮೊದಲಾದ ಸೇವೆಗಳೆಲ್ಲವೂ ಇಂದು ಜಾಲ ಸಂಪರ್ಕವನ್ನು ಅವಲಂಬಿಸಿರುತ್ತವೆ. ಆದುದರಿಂದ ಜನರು ಆಡುಮಾತಿನಲ್ಲಿ "ಟವರ್ ಇಲ್ಲ" ಎನ್ನುವ ಸ್ಥಿತಿಯಿಂದ ಕೂಲಿಕಾರರೊಬ್ಬರ ಒಂದು ದಿನದ ದುಡಿಮೆಯೇ ನಷ್ಟವಾಗುವ ಸಂಭವವಿದೆ.

ಟವರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಸೇವಾ ಸಂಸ್ಥೆಯು ನಿರ್ಧರಿಸುತ್ತದೆ. ಆದರೆ ಒಂದು ಟವರ್ ಎಷ್ಟು ದೂರದವರೆಗೆ ತೃಪ್ತಿಕರವಾಗಿ ಸೇವೆ ಒದಗಿಸಬಲ್ಲದು ಎಂಬುದು ಬಹುಮಟ್ಟಿಗೆ ಹಲವು ವರ್ಷಗಳ ಮೊದಲೇ, ಅಂತರರಾಷ್ಟ್ರೀಯ ಮಾನದಂಡಗಳನ್ನು ಸಿದ್ಧಪಡಿಸುವ ಸಭೆಗಳಲ್ಲಿ ತೀರ್ಮಾನವಾಗಿರುತ್ತದೆ. ಸದರಿ ಸಭೆಗಳಲ್ಲಿ ಕರಡು ಬರೆಯುವವರಲ್ಲಿ ಬಹುಪಾಲು ಉದ್ಯಮ ಸಂಸ್ಥೆಗಳ ತಂತ್ರಜ್ಞರೇ ಆಗಿರುತ್ತಾರೆ. ಈ ವ್ಯವಸ್ಥೆಯ ಸ್ವರೂಪವನ್ನೂ, ಅದರಲ್ಲಿ ಭಾರತದ ಅನುಭವವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಮಾನದಂಡಗಳು ರೂಪುಗೊಳ್ಳುವ ಬಗೆ

ಈ ಕ್ಷೇತ್ರದ ಅತ್ಯಂತ ಹಳೆಯ ಸಂಸ್ಥೆಯು 1865ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾಗಿದೆ. ಭಾರತವು 1869ರಿಂದ ಇದರ ಸದಸ್ಯತ್ವ ಹೊಂದಿದೆ. ಒಕ್ಕೂಟದಲ್ಲಿ ಸದಸ್ಯ ರಾಷ್ಟ್ರಗಳಲ್ಲದೆ ಉಪಕರಣ ತಯಾರಕರು, ಸೇವಾ ಸಂಸ್ಥೆಗಳು ಹಾಗೂ ವಿಶ್ವವಿದ್ಯಾಲಯಗಳಿಗೂ ಸದಸ್ಯತ್ವಕ್ಕೆ ಅವಕಾಶವಿದೆ. ಯಾವುದೇ ಮಾನದಂಡವು ಸದಸ್ಯರು ಲಿಖಿತವಾಗಿ ಸಲ್ಲಿಸುವ ಪ್ರಸ್ತಾವನೆಗಳ ಮೇಲೆ ಚರ್ಚೆ ನಡೆದು, ಒಮ್ಮತ ಮೂಡಿದ ನಂತರ ಅಂಗೀಕಾರ ಪಡೆಯುತ್ತದೆ. ಪ್ರಸ್ತಾವನೆ ಸಲ್ಲಿಸದವರ ಅಗತ್ಯಗಳು ಚರ್ಚೆಗೆ ಬರುವ ಸಂಭವ ಕಡಿಮೆ.

ಉದ್ಯಮವು ಮುಂದಾಗಿ ಸಿದ್ಧಪಡಿಸಿದ್ದನ್ನು ಒಕ್ಕೂಟವು ಅಂಗೀಕರಿಸಿದ ನಿದರ್ಶನಗಳೂ ಇವೆ. 1995ರಲ್ಲಿ ಕೆಲವು ದೂರವಾಣಿ ಸೇವಾ ಸಂಸ್ಥೆಗಳು ಒಂದುಗೂಡಿ ಮನೆ ಮನೆಗೆ ಆಪ್ಟಿಕಲ್ ಫೈಬರ್ ತಲುಪಿಸುವ ವಿಧಾನವನ್ನು ರೂಪಿಸಲು ಆರಂಭಿಸಿದವು. ಅವುಗಳ ಪ್ರಯತ್ನದ ಫಲವಾಗಿ ಜಿಪಾನ್ ಎಂಬ ಮಾನದಂಡವು 2003ರಿಂದ ಒಕ್ಕೂಟದ ಜಿ.984 ಸರಣಿಯಲ್ಲಿ ಪ್ರಕಟವಾಯಿತು. ಮಾರ್ಗಮಧ್ಯದಲ್ಲಿ ವಿದ್ಯುತ್ ಬೇಡದೆ ಸುಮಾರು 20 ಕಿಲೋಮೀಟರ್ ದೂರದವರೆಗೆ ಸಂಕೇತ ಸಾಗಿಸಬಲ್ಲ ಈ ವಿಧಾನವನ್ನೇ, ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಸಂಪರ್ಕ ನೀಡುವ, 2011ರಲ್ಲಿ ಮಂಜೂರಾದ ಹಾಗೂ ಇಂದು ಭಾರತ್‌ನೆಟ್ ಎಂದು ಕರೆಯಲಾಗುವ ಯೋಜನೆಯಲ್ಲಿ ಅಳವಡಿಸಿಕೊಳ್ಳಲಾಯಿತು.

ಮೊಬೈಲ್ ಜಾಲಗಳ ವಿವರವಾದ ತಾಂತ್ರಿಕ ನಿಯಮಗಳನ್ನು 1998ರಲ್ಲಿ ಆರಂಭವಾದ 3ಜಿಪಿಪಿ ಎಂಬ ಸಹಯೋಗ ಕೂಟವು ರೂಪಿಸುತ್ತದೆ. ಯುರೋಪ್, ಅಮೆರಿಕ, ಚೀನಾ, ಕೊರಿಯಾ, ಭಾರತ ಹಾಗೂ ಜಪಾನಿನ ಒಟ್ಟು ಏಳು ಮಾನದಂಡ ಸಂಸ್ಥೆಗಳು ಇದರ ಪಾಲುದಾರರಾಗಿದ್ದು, ಇವುಗಳ ಮೂಲಕವೇ ನೂರಾರು ಕಂಪನಿಗಳು ಸದಸ್ಯತ್ವ ಪಡೆಯುತ್ತವೆ. ಇಲ್ಲಿಯೂ ಸಾಮಾನ್ಯವಾಗಿ ಒಮ್ಮತದಿಂದಲೇ ನಿರ್ಣಯವಾಗುತ್ತದೆ; ಮತಕ್ಕೆ ಹಾಕಿದಲ್ಲಿ ಶೇ. 71ರಷ್ಟು ಬೆಂಬಲ ಅಗತ್ಯ. ಒಂದೇ ಉದ್ಯಮ ಸಮೂಹಕ್ಕೆ ಸೇರಿದ ಬೇರೆ ಬೇರೆ ಕಂಪನಿಗಳು ಪ್ರತ್ಯೇಕವಾಗಿ ಸದಸ್ಯರಾಗಲು ಅವಕಾಶವಿರುವುದರಿಂದ ದೊಡ್ಡ ಸಂಸ್ಥೆಗಳ ಪ್ರಭಾವ ಸಹಜವಾಗಿಯೇ ಹೆಚ್ಚಾಗಿರುತ್ತದೆ.

ಕರ್ನಾಟಕದ ಹಿಂದಿನ ಅನುಭವ

ಸ್ಥಳೀಯ ಪರಿಸ್ಥಿತಿಗೆ ತಕ್ಕ ಉಪಕರಣ ಬೇಕೆಂಬ ವಿಚಾರವು ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. 1984ರಲ್ಲಿ ಕೇಂದ್ರ ಸರ್ಕಾರವು ಸಿ-ಡಾಟ್ ಸಂಸ್ಥೆಯನ್ನು ಆರಂಭಿಸಿತು. ಹವಾನಿಯಂತ್ರಣವಿಲ್ಲದೆ, ಧೂಳು ಮತ್ತು ಬಿಸಿಲಿನ ನಡುವೆಯೂ ಕೆಲಸ ಮಾಡುವಂತೆ ಸಿ-ಡಾಟ್ ವಿನ್ಯಾಸಗೊಳಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವು ಮೊದಲ ಬಾರಿಗೆ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು.

ಅಂದು ವಿನಿಮಯ ಕೇಂದ್ರದ ಒಳಗಿನ ರಚನೆಯನ್ನು ದೇಶವು ತನ್ನ ಅಗತ್ಯಕ್ಕೆ ತಕ್ಕಂತೆ ತಾನೇ ನಿರ್ಧರಿಸಿಕೊಳ್ಳಲು ಸಾಧ್ಯವಿತ್ತು. ಮೊಬೈಲ್ ಜಾಲದಲ್ಲಿ ಅಂತಹ ಅವಕಾಶ ಕಡಿಮೆ. ಗುರುಗುಂಟಾದ ಸಂತೆಯಲ್ಲಿ ಬಳಸುವ ಫೋನು ಹೊರದೇಶದಲ್ಲಿಯೂ ಕೆಲಸ ಮಾಡಬೇಕು. ಕಡಿಮೆ ಬೆಲೆಗೆ ದೊರಕಬೇಕಾದರೆ ಅದನ್ನು ಜಗತ್ತಿಗೆಲ್ಲ ಒಂದೇ ಬಗೆಯಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ತಯಾರಿಸಬೇಕು. ಆದ್ದರಿಂದ ಸ್ಥಳೀಯ ಅಗತ್ಯವನ್ನು ಜಾಗತಿಕ ಮಾನದಂಡದ ಒಳಗೇ ಸೇರಿಸಬೇಕಾಗುತ್ತದೆ.

ಆರು ಕಿಲೋಮೀಟರ್ ಅಂತರದ ಪ್ರಶ್ನೆ

5ಜಿ ತಂತ್ರಜ್ಞಾನವೆಂದು ಮಾನ್ಯತೆ ಪಡೆಯಲು ಯಾವ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬೇಕೆಂಬುದನ್ನು ಒಕ್ಕೂಟವು 2017ರಲ್ಲಿ ನಿಗದಿಪಡಿಸಿತು. ಗ್ರಾಮೀಣ ಪ್ರದೇಶಕ್ಕೆ ಸಂಬಂಧಿಸಿದ ವಾಡಿಕೆಯ ಪರೀಕ್ಷೆಯಲ್ಲಿ ಎರಡು ಟವರುಗಳ ನಡುವಿನ ಅಂತರ 1,732 ಮೀಟರ್ ಎಂದೂ, ಬಳಕೆದಾರರಲ್ಲಿ ಅರ್ಧದಷ್ಟು ಜನರು ವೇಗವಾಗಿ ಚಲಿಸುವ ವಾಹನಗಳಲ್ಲಿ ಇರುತ್ತಾರೆಂದೂ ಭಾವಿಸಲಾಗಿತ್ತು. ಹೆದ್ದಾರಿಗಳೇ ಗ್ರಾಮೀಣ ಜೀವನದ ಲಕ್ಷಣವಾಗಿರುವ ದೇಶಗಳಿಗೆ ಈ ಭಾವನೆ ಹೊಂದುತ್ತದೆ. ಊರಿನಲ್ಲಿ ನಡೆದಾಡುವ, ಮನೆಯೊಳಗೆ ಕುಳಿತು ಫೋನ್ ಬಳಸುವ ಜನರಿರುವ ಭಾರತದ ಹಳ್ಳಿಗಳಿಗೆ ಅದು ಹೊಂದುವುದಿಲ್ಲ.

2014ರಲ್ಲಿ ಕಾರ್ಯಾರಂಭ ಮಾಡಿ, 3ಜಿಪಿಪಿಯಲ್ಲಿ ಭಾರತದ ಪಾಲುದಾರ ಸಂಸ್ಥೆಯಾಗಿರುವ ಟಿಎಸ್‌ಡಿಎಸ್‌ಐ, ಈ ವಿಷಯವನ್ನು ಪ್ರಸ್ತಾಪಿಸಿತು. ಉದ್ಯಮ, ಶಿಕ್ಷಣ ಸಂಸ್ಥೆಗಳು ಹಾಗೂ ಸರ್ಕಾರ ಒಟ್ಟಾಗಿ ನಡೆಸುವ ಈ ಸಂಸ್ಥೆಯ ಪ್ರಯತ್ನದಿಂದ, ಬಳಕೆದಾರರ ಚಲನೆಯ ವೇಗ ಕಡಿಮೆಯಿದ್ದು ಟವರುಗಳ ನಡುವಿನ ಅಂತರ 6 ಕಿಲೋಮೀಟರ್ ಇರುವ ಪ್ರತ್ಯೇಕ ಪರೀಕ್ಷೆಯನ್ನು ಒಕ್ಕೂಟವು ಕಡ್ಡಾಯಗೊಳಿಸಿತು.

ಇದರ ಆರ್ಥಿಕ ಮಹತ್ವವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಟವರೊಂದರ ವ್ಯಾಪ್ತಿಯ ವಿಸ್ತೀರ್ಣವು ಅಂತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 1,732 ಮೀಟರ್ ಅಂತರದಲ್ಲಿ 12 ಟವರುಗಳು ಬೇಕಾಗುವ ಪ್ರದೇಶಕ್ಕೆ 6 ಕಿಲೋಮೀಟರ್ ಅಂತರದಲ್ಲಿ ಒಂದೇ ಟವರ್ ಸಾಕಾಗುತ್ತದೆ. ಇವು ಪರೀಕ್ಷೆಗಾಗಿ ಇಟ್ಟುಕೊಂಡ ಅಂತರಗಳೇ ಹೊರತು ಎಲ್ಲೆಡೆ ಅದೇ ರೀತಿ ಟವರ್ ನಿಲ್ಲಿಸಬೇಕೆಂಬ ನಿಯಮವಲ್ಲ. ಆದರೂ ನಿವೇಶನದ ಬಾಡಿಗೆ, ವಿದ್ಯುತ್, ಬ್ಯಾಟರಿ ಹಾಗೂ ನಿರ್ವಹಣೆಯ ವೆಚ್ಚವನ್ನು ಪರಿಗಣಿಸಿದಾಗ, ವಿರಳ ಜನಸಂಖ್ಯೆಯ ಪ್ರದೇಶಕ್ಕೆ ಸೇವೆ ನೀಡುವುದು ಲಾಭದಾಯಕವೇ ಅಲ್ಲವೇ ಎಂಬುದು ಈ ದೂರವನ್ನೇ ಅವಲಂಬಿಸಿದೆ.

5ಜಿಐ: ಯಶಸ್ಸು ಮತ್ತು ವಿವಾದ

ದೂರದ ಬಳಕೆದಾರರ ವಿಷಯದಲ್ಲಿ ಮುಖ್ಯ ಅಡಚಣೆ ಇರುವುದು ಫೋನಿನ ಕಡೆಯಲ್ಲಿ. ಟವರಿನ ಸಂಕೇತವು ಪ್ರಬಲವಾಗಿದ್ದು ಫೋನಿಗೆ ತಲುಪಿದರೂ, ಫೋನಿನ ದುರ್ಬಲ ಸಂಕೇತವು ಟವರಿಗೆ ಹಿಂದಿರುಗಿ ತಲುಪುವುದಿಲ್ಲ. ಇದನ್ನು ಸುಧಾರಿಸುವ ತಂತ್ರಗಳನ್ನು ಹೈದರಾಬಾದ್ ಮತ್ತು ಮದ್ರಾಸಿನ ಐಐಟಿಗಳ ಸಂಶೋಧಕರು ಮತ್ತಿತರರು ಅಭಿವೃದ್ಧಿಪಡಿಸಿದರು. ಅವುಗಳನ್ನು ಒಳಗೊಂಡು ಟಿಎಸ್‌ಡಿಎಸ್‌ಐ ಸಲ್ಲಿಸಿದ 5ಜಿಐ ಎಂಬ ಮಾನದಂಡವು 2021ರ ಫೆಬ್ರವರಿಯಲ್ಲಿ ಪ್ರಕಟವಾದ ಒಕ್ಕೂಟದ 5ಜಿ ಶಿಫಾರಸಿನಲ್ಲಿ ಸ್ಥಾನ ಪಡೆಯಿತು.

ಆದರೆ ದೇಶದಲ್ಲಿಯೇ ಇದಕ್ಕೆ ವಿರೋಧ ವ್ಯಕ್ತವಾಯಿತು. ಪ್ರತ್ಯೇಕ ಮಾನದಂಡವನ್ನು ಕಡ್ಡಾಯಗೊಳಿಸಿದಲ್ಲಿ ಉಪಕರಣ ಮತ್ತು ಫೋನುಗಳ ಬೆಲೆ ಹೆಚ್ಚುವುದೆಂದು ಸೇವಾ ಸಂಸ್ಥೆಗಳು ಹಾಗೂ ಜಾಗತಿಕ ತಯಾರಕರು ಆಕ್ಷೇಪಿಸಿದರು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿರಲಿಲ್ಲ; ಬೆಲೆ ಏರಿದಲ್ಲಿ ಮೊದಲು ಹಿಂದೆ ಉಳಿಯುವವರು ಗ್ರಾಮೀಣ ಬಳಕೆದಾರರೇ ಆಗಿರುತ್ತಾರೆ. ಅಂತಿಮವಾಗಿ 2021ರ ಡಿಸೆಂಬರಿನಲ್ಲಿ 5ಜಿಐ ಅಂಶಗಳನ್ನು 3ಜಿಪಿಪಿಯ 17ನೇ ಆವೃತ್ತಿಯೊಂದಿಗೆ ವಿಲೀನಗೊಳಿಸಲು ಒಪ್ಪಿಗೆ ದೊರೆಯಿತು. ಪ್ರತ್ಯೇಕ ಹೆಸರು ಉಳಿಯಲಿಲ್ಲ. ಅದರ ತಾಂತ್ರಿಕ ಅಂಶಗಳಿಗೆ ಸಾಮಾನ್ಯ ಮಾನದಂಡದೊಳಗೆ ಎಡೆ ದೊರೆಯಿತು.

ಮಾನದಂಡದ ಮಿತಿಗಳು

ಮಾನದಂಡ ದೊರೆತ ಮಾತ್ರಕ್ಕೆ ಸೇವೆ ದೊರೆಯುವುದಿಲ್ಲ ಎಂಬುದನ್ನೂ ಗಮನಿಸಬೇಕಾಗಿದೆ. ಸದರಿ 6 ಕಿಲೋಮೀಟರ್ ಪರೀಕ್ಷೆಯು ದೂರಕ್ಕೆ ಸಾಗುವ 700 ಮೆಗಾಹರ್ಟ್ಸ್ ತರಂಗಾಂತರವನ್ನು ಆಧರಿಸಿದೆ. ದೇಶದಲ್ಲಿ 2016 ಮತ್ತು 2021ರ ಹರಾಜುಗಳಲ್ಲಿ ಈ ತರಂಗಾಂತರವನ್ನು ಯಾರೂ ಕೊಳ್ಳಲಿಲ್ಲ. 2022ರ ಹರಾಜಿನಲ್ಲಿ ಮಾತ್ರ ಒಂದು ಸಂಸ್ಥೆಯು ಎಲ್ಲ 22 ವಲಯಗಳಲ್ಲಿ ಪಡೆದುಕೊಂಡಿತು.

ಎರಡನೆಯದಾಗಿ, ಮಾನದಂಡದಲ್ಲಿ ಸೇರಿದ ತಂತ್ರಜ್ಞಾನಗಳ ಮೇಲೆ ಪೇಟೆಂಟ್ ಹೊಂದಿದವರಿಗೆ, ಅವುಗಳನ್ನು ಬಳಸುವ ಪ್ರತಿಯೊಬ್ಬ ತಯಾರಕರೂ ಸಮಂಜಸ ದರದ ರಾಜಧನ ಪಾವತಿಸಬೇಕಾಗುತ್ತದೆ. ಸಮಂಜಸ ದರ ಯಾವುದೆಂಬ ಪ್ರಶ್ನೆಯು 2013ರಲ್ಲಿ ಎರಿಕ್‌ಸನ್ ಮತ್ತು ಮೈಕ್ರೋಮ್ಯಾಕ್ಸ್ ನಡುವಿನ ದಾವೆಯ ರೂಪದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಕರಡು ಬರೆಯುವ ಮೇಜಿನಲ್ಲಿ ಇದ್ದವರು ಪಡೆಯುವವರಾಗಿಯೂ, ಇಲ್ಲದವರು ಕೊಡುವವರಾಗಿಯೂ ಉಳಿಯುವುದು ಈ ವ್ಯವಸ್ಥೆಯ ವಾಸ್ತವವಾಗಿದೆ.

ಮುಂದಿನ ಅವಕಾಶ

ದೇಶೀಯ ಉದ್ಯಮದ ಸಾಮರ್ಥ್ಯವು ಇತ್ತೀಚಿನ ವರ್ಷಗಳಲ್ಲಿ ವೃದ್ಧಿಸಿದೆ. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಬಿಎಸ್‌ಎನ್‌ಎಲ್ ಸಂಸ್ಥೆಯ ಸ್ವದೇಶಿ 4ಜಿ ಜಾಲದಲ್ಲಿ ಸಿ-ಡಾಟ್ ಸಂಸ್ಥೆಯ ಕೇಂದ್ರೀಯ ವ್ಯವಸ್ಥೆಯನ್ನೂ, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯ ಟವರ್ ಉಪಕರಣಗಳನ್ನೂ ಅಳವಡಿಸಲಾಗಿದೆ. ಮಾನದಂಡಗಳ ಕುರಿತ ಒಕ್ಕೂಟದ ವಿಶ್ವ ಸಮ್ಮೇಳನವು 2024ರ ಅಕ್ಟೋಬರ್ 15ರಿಂದ 24ರವರೆಗೆ ನವದೆಹಲಿಯಲ್ಲಿ, ಭಾರತದಲ್ಲಿ ಪ್ರಥಮ ಬಾರಿಗೆ ನಡೆಯಿತು.

6ಜಿಗಾಗಿ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಚೌಕಟ್ಟಿನಲ್ಲಿ ಆರು ಬಗೆಯ ಬಳಕೆಗಳನ್ನು ಗುರುತಿಸಲಾಗಿದ್ದು, ಎಲ್ಲೆಡೆಯೂ ಸಂಪರ್ಕ ದೊರಕಬೇಕೆಂಬುದು ಅವುಗಳಲ್ಲಿ ಒಂದಾಗಿದೆ. 3ಜಿಪಿಪಿಯಲ್ಲಿ 6ಜಿ ಕುರಿತ ಅಧ್ಯಯನ 2025ರಲ್ಲಿ ಪ್ರಾರಂಭವಾಗಿದೆ. ಒಕ್ಕೂಟದ ಕಾಲಪಟ್ಟಿಯಂತೆ ತಂತ್ರಜ್ಞಾನ ಪ್ರಸ್ತಾವನೆಗಳನ್ನು 2027ರಿಂದ 2029ರ ಅವಧಿಯಲ್ಲಿ ಸಲ್ಲಿಸಬೇಕಾಗಿದ್ದು, 2030ರಲ್ಲಿ ಮಾನದಂಡವು ಅಂತಿಮಗೊಳ್ಳಬೇಕಾಗಿದೆ.

"ಎಲ್ಲೆಡೆ" ಎಂಬ ಪದಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ವೆಚ್ಚ, ಯಾವ ಬೆಲೆಯ ಫೋನು ಎಂಬ ಅರ್ಥವನ್ನು ಈ ಅವಧಿಯ ಸಭೆಗಳೇ ನೀಡುತ್ತವೆ. ಹಿಂದಿನ ಬಾರಿ ಪರೀಕ್ಷೆಯನ್ನು ನಿಗದಿಪಡಿಸುವ ಹಂತದಲ್ಲಿಯೇ ಭಾರತ ಹಾಜರಿದ್ದುದರಿಂದ ಹಳ್ಳಿಯ ದೂರವು ಕಡ್ಡಾಯ ಪರೀಕ್ಷೆಯಾಯಿತು. ಸೇವಾ ಸಂಸ್ಥೆಗಳನ್ನೂ ತಯಾರಕರನ್ನೂ ಮೊದಲೇ ಜೊತೆಗೂಡಿಸಿಕೊಳ್ಳದಿದ್ದುದರಿಂದ ನಂತರದ ಹಂತದಲ್ಲಿ ಕಾಲಹರಣವಾಯಿತು. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ದುಡಿಯುವ ತಂತ್ರಜ್ಞರು ಒಂದೆರಡು ಸಭೆಗಳಿಗೆ ಸೀಮಿತಗೊಳ್ಳದೆ ವರ್ಷವರ್ಷವೂ ಪ್ರಸ್ತಾವನೆಗಳೊಂದಿಗೆ ಪಾಲ್ಗೊಳ್ಳುವಂತಾಗಬೇಕು. ಸಣ್ಣ ಉದ್ಯಮಗಳಿಗೂ ಪ್ರಯಾಣ ಮತ್ತು ಸದಸ್ಯತ್ವದ ವೆಚ್ಚ ಭರಿಸುವ ಶಕ್ತಿ ಒದಗಬೇಕು. ಗುರುಗುಂಟಾದ ಆಚೆಗಿನ ದೊಡ್ಡಿಯಲ್ಲಿ ಮುಂದಿನ ದಶಕದಲ್ಲಿ ಸಂಕೇತ ಸಿಗುವುದೋ ಇಲ್ಲವೋ ಎಂಬುದರ ಒಂದು ಭಾಗವು ಈ ಮೂರು ವರ್ಷಗಳಲ್ಲಿ ನಿರ್ಧಾರವಾಗಲಿದೆ.