ಐತಾರದ ಕಸ ಯಾರ ಪಾಲು?

ಹೋದ ಐತಾರ ಬೆಳಿಗ್ಗೆ ಅಂಗಳದ ಕಸ ಹೊಡೆಯುತ್ತಿದ್ದೆ. ಎದುರು ಮನೆಯ ಕಾಕಾ ಕಟ್ಟೆಯ ಮೇಲೆ ಕುಳಿತು ಒಂದಿಷ್ಟು ಹೊತ್ತು ನೋಡಿ, “ಯಾಕೋ ತಮ್ಮಾ, ಹೆಂಡ್ತಿಗಿ ಆರಾಮ ಇಲ್ಲೇನು?” ಅಂದರು. “ಆರಾಮ ಅದಾಳ್ರೀ ಕಾಕಾ. ಒಳಗ ಓದ್ಲತ್ತಾಳ” ಅಂದೆ. ಅವರಿಗೆ ಅದು ತಕ್ಷಣ ತಲೆಗೆ ಹೋಗಲಿಲ್ಲ. ಆಮೇಲೆ, “ಛಲೋ ಛಲೋ, ಹೆಂಗಸ್ರಿಗಿ ಒಂದೀಟು ಸಹಾಯ ಮಾಡಬೇಕು” ಎಂದು ಹೊಗಳಿದರು. ಪ್ರಶ್ನೆಗಿಂತ ಈ ಹೊಗಳಿಕೆಯೇ ಹೆಚ್ಚು ಚುಚ್ಚಿತು. ನನ್ನ ಮಗಳು ಚೆಲ್ಲಿದ ಚುರುಮುರಿ, ನನ್ನ ಚಪ್ಪಲಿಗೆ ಅಂಟಿ ಬಂದ ಕರಿಮಣ್ಣು, ನಾನು ಹರಿದೆಸೆದ ಕಾಗದ. ಇದನ್ನು ಬಳಿದು ಹಾಕಿದರೆ ಯಾರಿಗೆ ಸಹಾಯ ಮಾಡಿದಂತಾಯಿತು?

ಮಹಾಗಾಂವದಲ್ಲಿ ಮನೆ ಸ್ವಚ್ಛ ಇಡುವುದು ಹಗುರ ಕೆಲಸವಲ್ಲ. ನಮ್ಮದು ಶಹಾಬಾದ ಕಲ್ಲಿನ ನೆಲ. ಬೇಸಿಗೆಯಲ್ಲಿ ಕಾಲಿಗೆ ತಂಪು, ಆದರೆ ಎರಡು ಪರಸಿಯ ನಡುವಿನ ಸಂದು ವರ್ಷದ ಹೊಲಸನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಹುಮನಾಬಾದ ರಸ್ತೆಯ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು, ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು. ನಾಲ್ಕು ವರ್ಷದ ಕೂಸಿರುವ ಮನೆಯಲ್ಲಿ ಇದರ ಜೊತೆ ಬಣ್ಣದ ಕಡ್ಡಿ, ಬಿಸ್ಕೀಟಿನ ಪುಡಿ, ಒಂದೇ ಕಾಲಿನ ಚೀಲ, ಎಲ್ಲಿಂದಲೋ ಬಂದ ಬೆಣಚುಕಲ್ಲು.

ನನ್ನ ಹೆಂಡತಿ ಮತ್ತು ನಾನು ಕನ್ನಡ ಎಂ.ಎ.ಯಲ್ಲಿ ಒಂದೇ ತರಗತಿ. ಅವಳ ಅಂಕ ನನಗಿಂತ ಹೆಚ್ಚು, ಹಳಗನ್ನಡವಂತೂ ನನಗೆ ಅವಳೇ ಹೇಳಿಕೊಟ್ಟಿದ್ದು. ಮಗಳು ಹುಟ್ಟಿದ ವರ್ಷ ನಾನು ಪಿಎಚ್.ಡಿ.ಗೆ ಸೇರಿದೆ. ಅವಳು “ಮುಂದಿನ ವರ್ಷ” ಅಂದಳು. ಆ ಮುಂದಿನ ವರ್ಷ ಇಷ್ಟರಲ್ಲಿ ನಾಲ್ಕು ಸಲ ಬಂದು ಹೋಗಿದೆ. ಅವಳೀಗ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಮನೆ ಮುಟ್ಟುವುದು ಸಂಜೆ ಆರಕ್ಕೆ. ಅಷ್ಟರಲ್ಲಿ ಅವ್ವ ದೇವರ ಮುಂದೆ ದೀಪ ಹಚ್ಚಿರುತ್ತಾಳೆ. “ದೀಪ ಹಚ್ಚಿದ ಮ್ಯಾಲ ಕಸಾ ಹೊಡಿಬಾರ್ದು, ಲಕ್ಷ್ಮಿ ಹೋಗ್ತಾಳ.”

ಈ ನೇಮವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಇದು ಯಾರಿಗಾಗಿ ಮಾಡಿದ್ದೆಂದು ಮಾತ್ರ ಯೋಚಿಸಿರಲಿಲ್ಲ. ಹಗಲಿಡೀ ಮನೆಯಲ್ಲಿರುವ ಹೆಂಗಸಿಗೆ ಅದು ಸರಿ. ಚಿಮಣಿ ಬೆಳಕಿನಲ್ಲಿ ಬಿದ್ದ ಮೂಗುತಿ ಕಸದ ಜೊತೆ ಹೋದೀತು ಎಂಬ ಜಾಣತನವೂ ಅದರಲ್ಲಿ ಇದ್ದಿರಬಹುದು. ಆದರೆ ಆರಕ್ಕೆ ಮನೆ ಸೇರುವವಳಿಗೆ ಅದೇ ನೇಮ ವಾರದ ಅಷ್ಟೂ ಕಸವನ್ನು ಐತಾರಕ್ಕೆ ನೂಕುತ್ತದೆ. ಲಕ್ಷ್ಮಿ ಉಳಿಯುತ್ತಾಳೆ, ಐತಾರ ಹೋಗುತ್ತದೆ.

ಐತಾರಕ್ಕೆ ನಾಲ್ಕು ತಾಸು ಎಂದರೂ ವರ್ಷಕ್ಕೆ 208 ತಾಸು, ನಾಲ್ಕು ವರ್ಷಕ್ಕೆ 832. ನನ್ನ ಪ್ರಬಂಧದ ಎರಡು ಅಧ್ಯಾಯಗಳಿಗೆ ಅಷ್ಟು ಹೊತ್ತು ಹಿಡಿದಿಲ್ಲ.

ಇಂಥ ತಾಯಂದಿರಿಗೆ ಉಪದೇಶಕ್ಕೇನೂ ಕೊರತೆಯಿಲ್ಲ. ಸೋಮವಾರ ಅಡುಗೆಮನೆ, ಮಂಗಳವಾರ ಬಚ್ಚಲು, ಬುಧವಾರ ಕಪಾಟು, ದಿನಕ್ಕೆ ಹದಿನೈದೇ ನಿಮಿಷ ಎಂದು ಫೋನಿನಲ್ಲಿ ನಗುಮುಖದ ಹೆಂಗಸರು ವೇಳಾಪಟ್ಟಿ ಹಾಕಿಕೊಡುತ್ತಾರೆ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದು ಎಲ್ಲವನ್ನೂ ಹೇಳಿ ಒಂದನ್ನು ಮಾತ್ರ ಬಿಡುತ್ತದೆ: ಮಾಡುವವರು ಯಾರು? ಅದನ್ನು ಕೇಳುವ ಅಗತ್ಯವೇ ಇಲ್ಲವೆಂಬಂತೆ ‘ಬಿಡುವಿಲ್ಲದ ಅಮ್ಮಂದಿರಿಗಾಗಿ’ ಎಂದು ಮೇಲೆ ಬರೆದಿರುತ್ತದೆ. ಬಿಡುವಿಲ್ಲದ ಅಪ್ಪ ಇದೇ ಮನೆಯಲ್ಲಿ ಉಣ್ಣುತ್ತಾನೆ, ಇದೇ ನೆಲದ ಮೇಲೆ ಓಡಾಡುತ್ತಾನೆ. ಅವನ ಬಿಡುವಿಲ್ಲದಿರುವಿಕೆ ಒಂದು ಹುದ್ದೆ, ಅವಳದು ಒಂದು ಸಮಸ್ಯೆ.

ಕಾಲ ಬದಲಾಗುತ್ತಿದೆ ಎನ್ನುವವರು ಸರ್ಕಾರದ ಸಮಯ ಬಳಕೆ ಸಮೀಕ್ಷೆಯನ್ನು ನೋಡಲಿ. ಸಂಬಳವಿಲ್ಲದ ಮನೆಗೆಲಸಕ್ಕೆ 2019ರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಗಂಡಸರದೂ ಇಳಿಯಿತು, 88ಕ್ಕೆ. ನಡುವಿನ ಅಂತರ 202 ನಿಮಿಷ ಇದ್ದದ್ದು 201 ಆಯಿತು. ಐದು ವರ್ಷಕ್ಕೆ ಒಂದು ನಿಮಿಷ! ಅದೂ ಆ 88 ನಿಮಿಷ ಮನೆಗೆಲಸಕ್ಕೆ ಕೈ ಹಚ್ಚಿದ ಗಂಡಸರ ಸರಾಸರಿ. ಕೈ ಹಚ್ಚದವರು ಆ ಲೆಕ್ಕದಲ್ಲೇ ಇಲ್ಲ.

ಇಲ್ಲಿ ನನ್ನ ಮಾನವನ್ನೂ ಸ್ವಲ್ಪ ಕಳೆಯಬೇಕು. ನನ್ನ ಸಂಶೋಧನೆ ವಚನಗಳ ಕಾಯಕದ ಮೇಲೆ. (ನಮ್ಮ ಕಡೆ ಕಲ್ಲು ಒಗೆದರೆ ವಚನದ ಮೇಲೆ ಪಿಎಚ್.ಡಿ. ಮಾಡುವವನಿಗೇ ಬೀಳುತ್ತದೆ.) ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಸತ್ಯಕ್ಕನ ಬಗ್ಗೆ ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದೆ. ಕಸಬಾರಿಗೆಗೆ ಘನತೆ ಸಿಕ್ಕ ಗಳಿಗೆ ಎಂದೆಲ್ಲ ಹೇಳಿದೆ, ಚಪ್ಪಾಳೆ ಬಿತ್ತು. ಅಂದು ಐತಾರ. ಅದೇ ಹೊತ್ತಿಗೆ ಮನೆಯಲ್ಲಿ ಕಸಬಾರಿಗೆ ಯಾರ ಕೈಯಲ್ಲಿತ್ತು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು, ಗಂಡಸಿನದು. ಹೆಚ್ಚಿಗೆ ತಂದಾಗ ಲಕ್ಕಮ್ಮ ಅವನನ್ನು ತಿರುಗಿ ಕಳಿಸಿದಳು. ಈ ಕಥೆಯಿಂದ ನಾವು ದಾಸೋಹ ತೆಗೆಯುತ್ತೇವೆ, ಅಪರಿಗ್ರಹ ತೆಗೆಯುತ್ತೇವೆ. ಗಂಡಸೊಬ್ಬ ನೆಲಕ್ಕೆ ಬಗ್ಗಿದ್ದ ಎಂಬುದನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತೇವೆ.

ಆರು ತಿಂಗಳಿಂದ ಐತಾರ ನನ್ನದು. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಮೊದಲ ತಿಂಗಳು ನಾನು ಮಾಡಿದ್ದು ಬರೀ ತೋರಿಕೆ. ನಡುಮನೆ ಹೊಳೆಯುತ್ತಿತ್ತು, ಹೊರಸಿನ ಕೆಳಗೆ ಧೂಳು ಹಾಗೇ ಇತ್ತು. “ಯಾವ ಬಟ್ಟಿಲಿಂದ ಒರಸ್ಲಿ? ಫಿನಾಯಿಲ್ ಎಲ್ಲಿ ಅದ?” ಎಂದು ಹತ್ತು ಸಲ ಒಳಗೆ ಕೂಗುತ್ತಿದ್ದೆ. ಒಂದು ದಿನ ಅವಳು ಪುಸ್ತಕ ಮಡಚಿಟ್ಟು, “ನೀವು ಕೇಳೋದ್ರಾಗ ನಾನೇ ಮಾಡಿ ಮುಗಸ್ತೀನಿ” ಅಂದಳು. ಆಗ ತಿಳಿಯಿತು, ಕೈ ನನ್ನದಾಗಿದ್ದರೂ ತಲೆ ಇನ್ನೂ ಅವಳದೇ ದುಡಿಯುತ್ತಿತ್ತು. ಬಚ್ಚಲ ಮೋರಿ ಎಷ್ಟು ದಿನಕ್ಕೆ ಕಟ್ಟುತ್ತದೆ, ಕೌದಿ ಯಾವ ಬಿಸಿಲಿಗೆ ಹಾಕಬೇಕು, ಸೋಮವಾರಕ್ಕೆ ಮಗಳ ಬಿಳಿ ಚೀಲ ಒಣಗಿದೆಯೇ ಎಂಬ ನೆನಪೇ ಕೆಲಸದ ಭಾರವಾದ ಅರ್ಧ. ಅದನ್ನು ಬಾಗಿಲ ಹಿಂದೆ ಒಂದು ಹಾಳೆಯಲ್ಲಿ ಬರೆದು ಅಂಟಿಸಿದ್ದೇನೆ. ಅದೇ ವೇಳಾಪಟ್ಟಿಯೇ, ಒಪ್ಪುತ್ತೇನೆ. ಆದರೆ ಮೇಲೆ ನನ್ನ ಹೆಸರಿದೆ.

ಪಟ್ಟಿಯಿಂದ ಕೆಲವನ್ನು ಹೊಡೆದೂ ಹಾಕಿದೆವು. ಮಾಡದ ಮೇಲೆ ಸಾಲಾಗಿಟ್ಟ ಹಿತ್ತಾಳೆ ಕೊಡಗಳನ್ನು ವಾರವಾರ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಿಂತಿತು. ಅವು ಈಗ ಅಟ್ಟದಲ್ಲಿವೆ, ದಸರೆಗೆ ಇಳಿಯುತ್ತವೆ. ಫ್ಯಾನು ತಿಂಗಳ ಕೊನೆಯ ಐತಾರಕ್ಕೆ ಮಾತ್ರ. ಬಂದವರು ಮೂಲೆಯ ಜೇಡರಬಲೆ ನೋಡಿ ಮುಖ ತಿರುಗಿಸಿದರೆ ತಿರುಗಿಸಲಿ. ಆ ಮುಖಕ್ಕಾಗಿ ಒಬ್ಬಳ ಓದನ್ನು ಕೊಡಲಾಗದು.

ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದವರಿದ್ದಾರೆ. ಫೆಲೋಶಿಪ್ ಬಂದ ತಿಂಗಳು ಅದೂ ಆದೀತು. ಆದರೆ ಬರುವವಳು ಇನ್ನೊಂದು ಓಣಿಯ ಇನ್ನೊಬ್ಬ ತಾಯಿ. ಅವಳ ಮನೆಯ ಐತಾರವನ್ನು ಯಾರು ಗುಡಿಸುತ್ತಾರೆ? ಯಾವ ಓಣಿಯಿಂದ ಅವಳು ಬರುತ್ತಾಳೆ ಎಂಬುದನ್ನು ಊರು ಹೇಗೆ ಮೊದಲೇ ಗೊತ್ತುಮಾಡಿಟ್ಟಿದೆ ಎಂಬುದು ಬೇರೆಯದೇ ಲೇಖನ.

ಅವ್ವ ನನ್ನನ್ನು ಬೈದಿಲ್ಲ. ನಾನು ಅಂಗಳ ಮುಗಿಸಿ ಒಳಗೆ ಹೋದ ಮೇಲೆ ಕಸಬಾರಿಗೆ ತಗೊಂಡು ಅದೇ ಅಂಗಳವನ್ನು ಮತ್ತೊಮ್ಮೆ ಹೊಡೆಯುತ್ತಾಳೆ. “ಮಂದಿ ನೋಡ್ತಾರ” ಎನ್ನುತ್ತಾಳೆ. ಅರವತ್ತು ದಾಟಿದ ಅವಳ ಬೆನ್ನು ಬಾಗುವುದನ್ನು ನೋಡಿ ನನಗೆ ಸಿಟ್ಟೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಅವಳನ್ನು ಗೆಲ್ಲುವ ಮಾತು ನನ್ನ ಹತ್ತಿರ ಇನ್ನೂ ಇಲ್ಲ.

ಹೋದ ಐತಾರ ಒಳಗಿನ ನೆಲ ಒರೆಸುವಾಗ ಮಗಳು ಹಸಿ ಪರಸಿಯ ಮೇಲೆ ಹೆಜ್ಜೆ ಮೂಡಿಸುತ್ತ ಅವರವ್ವನ ಕೋಣೆಗೆ ಓಡಿದಳು. ಒಳಗಿನಿಂದ ಕೇಳಿಸಿತು: “ಫ್ಯಾನ್ ಒರಸಿದ್ರೇನು?”

“ಇಲ್ಲ. ಅದು ಕೊನೀ ಐತಾರ.”

“ಹಂಗಾದ್ರ ಬಿಡ್ರಿ” ಎಂದು ಅವಳು ಹಾಳೆ ಮಗುಚಿದಳು.