ಲಾಟ್ವಿಯಾದ ಕುದುರೆಗಳು ಲಾಟ್ವಿಯಾದಲ್ಲೇ ಮೇಯಲಿ

ಲಾಟ್ವಿಯಾದ ಪುರಾಣಗಳಲ್ಲಿ ಬರುವ ಕುದುರೆಗಳಿಂದ ಸ್ಫೂರ್ತಿ ಪಡೆದ ಸಂಗ್ರಾಹಕರ ನಾಣ್ಯವೊಂದರ ಚಿತ್ರ ನಮ್ಮ ಕೂಟದಲ್ಲಿ ಕೈಯಿಂದ ಕೈಗೆ ಹಾದುಹೋಯಿತು. ಮೊದಲು ಬಂದ ಉದ್ಗಾರ, "ಇವರು ನಮ್ಮ ಅಶ್ವಿನೀ ದೇವತೆಗಳಲ್ಲವೇ!" ಎರಡನೆಯದು, "ಹಾಗಾದರೆ ವೇದಸಂಸ್ಕೃತಿ ಬಾಲ್ಟಿಕ್ ಸಮುದ್ರದವರೆಗೂ ಹಬ್ಬಿತ್ತು." ಮೊದಲನೆಯದರಲ್ಲಿ ಅರ್ಧ ಸತ್ಯವಿದೆ, ಎರಡನೆಯದರಲ್ಲಿ ಅದೂ ಇಲ್ಲ. ಅದರಿಂದ ಇದಕ್ಕೆ ಜಿಗಿಯಲು ನಮಗೆ ಒಂದು ಗುಟುಕು ಚಹಾ ಇಳಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಆ ಸಂಜೆ ನಾವೆಲ್ಲರೂ ತಲೆದೂಗಿದವರೇ. ಆದ್ದರಿಂದ ಈ ಬರಹದ ಮೊದಲ ಏಟು ನಮಗೇ ಬೀಳತಕ್ಕದ್ದು.

ಅರ್ಧ ಸತ್ಯವನ್ನು ಒಪ್ಪಿಕೊಂಡೇ ಮುಂದುವರಿಯೋಣ. ಲಾಟ್ವಿಯಾದ ಜನಪದ ಹಾಡುಗಳಲ್ಲಿ 'ದಿಯೆವ ದೇಲಿ', ಅಂದರೆ ದೇವರ ಗಂಡುಮಕ್ಕಳು, ಕುದುರೆಯೇರಿ ಸೂರ್ಯನ ಮಗಳನ್ನು ವರಿಸಲು ಬರುತ್ತಾರೆ. ಋಗ್ವೇದದಲ್ಲಿ ಅಶ್ವಿನಿಗಳ ರಥವನ್ನು ಸೂರ್ಯೆ ಏರುತ್ತಾಳೆ. ಈ ಹಾಡುಗಳ ಸೂರ್ಯಪುರಾಣವನ್ನು ಕುರಿತು ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಮಾನ್‌ಹಾರ್ಟ್ 1875ರಷ್ಟು ಹಿಂದೆಯೇ ಬರೆದಿದ್ದ. ಅವರ 'ದಿಯೆವ್ಸ್' ಮತ್ತು ಸಂಸ್ಕೃತದ 'ದೇವ', ಅವರ 'ಸೌಲೆ' ಮತ್ತು ಸಂಸ್ಕೃತದ 'ಸೂರ್ಯ' ಒಂದೇ ಬೇರಿನ ಪದಗಳು. ನಂಟು ನಿಜ. ಆದರೆ ಅದು ದಾಯಾದಿಗಳ ನಂಟು, ತಾಯಿಮಕ್ಕಳದ್ದಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಬಹುಶಃ ಈಗ ಉಳಿದಿಲ್ಲದ ಒಂದು ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ. ಇಂಗ್ಲಿಷ್ ಎಂ.ಎ. ಮಾಡಿದ ನಮ್ಮಂಥವರು ಆ ಭಾಷಣವನ್ನು ಪರೀಕ್ಷೆಗೆ ಓದಿ, ಆ ಒಂದು ಷರತ್ತನ್ನು ಮಾತ್ರ ಅನುಕೂಲವಾಗಿ ಮರೆತಿದ್ದೇವೆ.

"ಸಂಬಂಧ ಹೇಳಿಕೊಂಡರೆ ತಪ್ಪೇನು? ಅದೂ ಪ್ರೀತಿಯಲ್ಲವೇ?" ಎಂದು ಹಿರಿಯರೊಬ್ಬರು ಕೇಳಿದರು. ತಪ್ಪು ಇಷ್ಟೇ: 'ನಮ್ಮವೇ' ಎಂದೊಡನೆ ನೋಡುವುದು ನಿಂತುಹೋಯಿತು. ಆ ಕುದುರೆ ಅಲ್ಲಿ ಏನು ಮಾಡುತ್ತಿದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ಎಷ್ಟೊಂದು ದೊರೆಯುತ್ತಿತ್ತು! ಅಲ್ಲಿನ ಸೂರ್ಯ ಹೆಂಗಸು. ತನ್ನ ಕುದುರೆಗಳನ್ನು ಕಡಲಿನಲ್ಲಿ ಈಜಾಡಿಸಿ, ತಾನು ಗುಡ್ಡದ ಮೇಲೆ ಚಿನ್ನದ ಲಗಾಮು ಹಿಡಿದು ಕುಳಿತಿರುವವಳು. ದೇವರ ಮಕ್ಕಳು ದೇವವೈದ್ಯರಲ್ಲ. ಮರ ಕಡಿದು ಕಣಜ ಕಟ್ಟುವ ರೈತಾಪಿ ಹುಡುಗರು. ಊಸಿನ್ಶ್ ಎಂಬ ದೈವವೊಂದಿದೆ. ಕುದುರೆಗಳೂ ಜೇನ್ನೊಣಗಳೂ ಅವನ ಪಾಲಿನವು. ವಸಂತದಲ್ಲಿ ಕುದುರೆಗಳನ್ನು ಮೊದಲ ಸಲ ರಾತ್ರಿ ಮೇವಿಗೆ ಅಟ್ಟುವಾಗ ಅವನಿಗೆ ಪೂಜೆ. 1606ರ ಜೆಸ್ವಿಟ್ ಪಾದ್ರಿಯ ವರದಿಯೊಂದು, ಈ ಕುದುರೆದೇವರಿಗೆ ಒಬ್ಬೊಬ್ಬರೂ ಎರಡು ನಾಣ್ಯ, ಎರಡು ರೊಟ್ಟಿ, ಬೆಂಕಿಗೆ ಹಾಕಲು ಒಂದು ತುಂಡು ಕೊಬ್ಬು ಅರ್ಪಿಸುತ್ತಿದ್ದರೆಂದು ದಾಖಲಿಸುತ್ತದೆ. ನಾಣ್ಯಕ್ಕೂ ಆ ನಾಡಿನ ಕುದುರೆಗೂ ಇಷ್ಟು ಹಳೆಯ ಲೇವಾದೇವಿಯಿದೆ! ಇದನ್ನು ಬಿಟ್ಟು ನಾವು ಸರಸ್ವತೀ ತೀರಕ್ಕೆ ಓಡಿದೆವು.

ಇನ್ನು ಪದ. ಲಿಥುವೇನಿಯನ್ನರ ಹಳೆಯ ನುಡಿಯಲ್ಲಿ ಹೆಣ್ಣುಕುದುರೆಗೆ 'ಅಶ್ವಾ' ಎಂಬ ಹೆಸರಿತ್ತು, ನಿಜ. ಆದರೆ ಲಾಟ್ವಿಯಾದ ರೈತ ತನ್ನ ಕುದುರೆಯನ್ನು ಕರೆಯುವುದು 'ಜಿರ್ಗ್ಸ್' ಎಂದು. ಅಶ್ವಕ್ಕೂ ಅದಕ್ಕೂ ನಂಟಿಲ್ಲ, ನಮ್ಮ 'ಕುದುರೆ'ಗೂ ಇಲ್ಲದ ಹಾಗೆಯೇ.

ನೋವಿನ ಮಾತು ಇಲ್ಲಿದೆ. ನೌಕರಿಯ ನಿಮಿತ್ತ ಹೊರನಾಡಿನಲ್ಲಿ ಬದುಕುವ ನಾವು ಎಷ್ಟು ಸಲ ಕೇಳಿಸಿಕೊಂಡಿಲ್ಲ: "ಕನ್ನಡವೂ ಸಂಸ್ಕೃತದಿಂದಲೇ ಹುಟ್ಟಿದ್ದಲ್ಲವೇ?" ಕೇಳುವ ಸಹೋದ್ಯೋಗಿಯ ದನಿಯಲ್ಲಿ ದ್ವೇಷವಿರುವುದಿಲ್ಲ, ಅಕ್ಕರೆಯೇ ಇರುತ್ತದೆ. ಅಕ್ಕರೆಯಿಂದಲೇ ನಮ್ಮನ್ನು ಇನ್ನೊಂದು ಮನೆಯ ಹಿತ್ತಿಲಿಗೆ ಸೇರಿಸಿಬಿಡುತ್ತಾರೆ. ಆಗ ನಾವು ಕೆರಳುತ್ತೇವೆ. 1816ರ ಎಲ್ಲಿಸ್, 1856ರ ಕಾಲ್ಡ್‌ವೆಲ್, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಎಲ್ಲವನ್ನೂ ಊಟದ ಡಬ್ಬಿಯ ಪಕ್ಕದಲ್ಲಿ ಹರಡುತ್ತೇವೆ. ಹಾಗೆ ಕೆರಳುವ ಹಕ್ಕು ನಮಗಿದೆಯಾದರೆ, ಲಾಟ್ವಿಯನ್ನರ ಕುದುರೆಗೆ ನಮ್ಮ ಮುದ್ರೆ ಒತ್ತುವ ಹಕ್ಕು ಎಲ್ಲಿಂದ ಬಂತು?

ಶತಮಾನಗಳ ಕಾಲ ಜರ್ಮನ್ ಜಮೀನ್ದಾರರ ಕೈಕೆಳಗೆ ಜೀತದಲ್ಲಿದ್ದ ಜನ ಅವರು. ಅವರ ಹಾಡುಗಳನ್ನು ಕ್ರಿಶ್ಯಾನಿಸ್ ಬರೋನ್ಸ್ ವಿಂಗಡಿಸತೊಡಗಿದ್ದು ತನ್ನ ನಾಡಿನಲ್ಲಲ್ಲ, ಮಾಸ್ಕೋದಲ್ಲಿ, ಮನೆಪಾಠದ ಸಂಬಳದಲ್ಲಿ ಬದುಕುತ್ತ. ಚೀಟಿಗಳನ್ನು ಜೋಡಿಸಿಡಲು 1880ರಲ್ಲಿ ಅಲ್ಲಿಯೇ ಎಪ್ಪತ್ತು ಸೆಳೆಖಾನೆಗಳ ಕಪಾಟೊಂದನ್ನು ಮಾಡಿಸಿದ. 1893ರಲ್ಲಿ ರೀಗಾಕ್ಕೆ ಮರಳಿದ. 1894ರಿಂದ 1915ರವರೆಗೆ ಅಚ್ಚಾದ ಆರು ಸಂಪುಟಗಳಲ್ಲಿ 2,17,996 ಹಾಡುಗಳಿವೆ. ಆ ಕಪಾಟು 2001ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ಇಂದು ನಾಣ್ಯವೇರುವ ಪುರಾಣದ ಕುದುರೆಗಳನ್ನು ನಾವು ಬಲ್ಲದ್ದು ಇಂಥ ಚೀಟಿಗಳ ದೆಸೆಯಿಂದ. ಹೊರನಾಡಿನಲ್ಲಿ ಕುಳಿತವನೊಬ್ಬನ ಈ ದುಡಿಮೆಯನ್ನು ಹೊರನಾಡಿನಲ್ಲೇ ಕುಳಿತ ನಾವು ಒಂದು ಉದ್ಗಾರದಲ್ಲಿ ಕಬಳಿಸಿದೆವಲ್ಲ!

ನಾಣ್ಯದ ಬಗೆಗೂ ನಮಗೆ ಪೂರ್ತಿ ಒಲವಿದೆಯೆಂದಲ್ಲ. 2010ರಲ್ಲಿ ಅದೇ ದೇಶ ಕುದುರೆಲಾಳದ ಚಿತ್ರವಿರುವ ಒಂದು ಲಾಟ್ ನಾಣ್ಯವನ್ನು ಹೊರಡಿಸಿತ್ತು. ಲಾಳದ ಬಾಯಿ ಮೇಲಾಗಿರುವುದೊಂದು, ಕೆಳಗಾಗಿರುವುದೊಂದು. ಸಂತೆಯಲ್ಲಿ ಕೊಟ್ಟು ತರಕಾರಿ ತರಬಹುದಾದ ಹಣ ಅದು. 2014ರ ಜನವರಿಯಲ್ಲಿ ಯೂರೋ ಬಂದ ಮೇಲೆ ಆ ಸುಖ ಹೋಯಿತು. ಪೆಟ್ಟಿಗೆಯಲ್ಲಿ ಮಲಗುವ ನಾಣ್ಯಕ್ಕಿಂತ ಜೇಬಿನಲ್ಲಿ ಸವೆಯುವ ನಾಣ್ಯವೇ ನಮಗೆ ಮೆಚ್ಚು. ಅದಿರಲಿ. ಎರಡು ಯೂರೋದ ಸ್ಮಾರಕ ನಾಣ್ಯ ಯೂರೋ ವಲಯದಲ್ಲೆಲ್ಲ ಸಲ್ಲುತ್ತದೆ. ಸಂಗ್ರಾಹಕರ ನಾಣ್ಯ ಮಾತ್ರ ಹೊರಡಿಸಿದ ದೇಶದಾಚೆ ಸಲ್ಲದು. ಪಕ್ಕದ ಲಿಥುವೇನಿಯಾದ ಗಡಿಯನ್ನೂ ಹಣವಾಗಿ ದಾಟಲಾರದ ಕುದುರೆಯನ್ನು ನಾವು ಸಪ್ತಸಿಂಧುವಿನವರೆಗೆ ಓಡಿಸಿ ತಂದೆವು.

ಮುಂದಿನ ಕೂಟದಲ್ಲಿ ಆ ಹಾಡುಗಳ ಇಂಗ್ಲಿಷ್ ಅನುವಾದಗಳನ್ನು ಓದುವುದೆಂದು ಗೊತ್ತುಮಾಡಿದ್ದೇವೆ. ಓದು ಮುಗಿಯುವ ಮೊದಲು 'ಅಶ್ವಿನಿ' ಎಂದು ಬಾಯಿಬಿಟ್ಟವರು ಆ ಸಂಜೆಯ ಚಹಾದ ಹಣ ಕೊಡತಕ್ಕದ್ದು.