ಒಂದು ಪೆಟ್ಟಿಗೆಗೆ ಒಂದೇ ಜಾತಿ: ಹಲ್ಲಿ ಸಾಕುವವರು ಮರೆಯಬಾರದ ನಿಯಮ

ರಾಯಚೂರು ಕೋಟೆಯ ಬಂಡೆಗಳ ನಡುವೆ, ದೇವದುರ್ಗ, ಮಾನ್ವಿಯ ಹೊಲದ ಬದುಗಳಲ್ಲಿ ಹಲ್ಲಿಯ ಬಳಗ ದೊಡ್ಡದೇ ಇದೆ. ಜಾಲಿಯ ಮೇಲೆ ಓತಿಕ್ಯಾತ, ತರಗೆಲೆಯ ಅಡಿಯಲ್ಲಿ ಹಾವುರಾಣಿ, ಬಿಲದಲ್ಲಿ ಉಡ, ರಾತ್ರಿ ದೀಪದ ಬಳಿ ಮನೆಹಲ್ಲಿ. ಹೊರಗೆ ಕೂಡಿ ಬಾಳುವ ಇವನ್ನು ತೋರಿಸಿ, ಬೇರೆ ಬೇರೆ ಜಾತಿಯ ಸಾಕುಹಲ್ಲಿಗಳನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು ಎನ್ನುವವರಿದ್ದಾರೆ. ಆ ಮಾತು ನಂಬಿದರೆ ಸಾಯುವುದು ಹಲ್ಲಿ.

ಹೊರಗೆ ಈ ಜೀವಿಗಳು ಹೊತ್ತು, ಎತ್ತರ, ಆಹಾರವನ್ನು ಹಂಚಿಕೊಂಡಿವೆ. ಬೆದೆಗಾಲದಲ್ಲಿ ಗಂಡು ಓತಿಕ್ಯಾತ ಕತ್ತು ಕೆಂಪೇರಿಸಿಕೊಂಡು, ಮುಂಗಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಇದು ನನ್ನ ಜಾಗ ಎಂಬ ಎಚ್ಚರಿಕೆ ಅದು. ಎದುರಾಳಿ ಪಕ್ಕದ ಗಿಡಕ್ಕೆ ಓಡಿ ಉಳಿದುಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹಾಗೆ ಓಡಲು ಜಾಗವಿಲ್ಲ.

ಸಾಕಲು ತರುವ ಹಲ್ಲಿಗಳಂತೂ ಮೂಲದಲ್ಲಿ ನೆರೆಹೊರೆಯವೇ ಅಲ್ಲ. ಲೆಪರ್ಡ್ ಗೆಕೊ ಅಫ್ಗಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ಕಲ್ಲುನೆಲದ್ದು. ಹುಳು ತಿನ್ನುತ್ತದೆ, ಮುಸ್ಸಂಜೆಯಲ್ಲಿ ಹೊರಬರುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನದು. ಹಗಲಿನ ಜೀವಿ, ಮೈ ಕಾಯಿಸಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಾಣ ಬೇಕು. ಹಸಿರು ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಸೊಪ್ಪು ತಿನ್ನುವ ಅದಕ್ಕೆ ತೇವದ ಗಾಳಿ ಬೇಕು, ಬೆಳೆದರೆ ಒಂದೂವರೆ ಮೀಟರ್ ಮುಟ್ಟುತ್ತದೆ. ಇಗ್ವಾನಾಕ್ಕೆಂದು ನೀರು ಸಿಂಪಡಿಸಿದರೆ ಒಣನೆಲದ ಗೆಕೊಗೆ ಚರ್ಮ, ಶ್ವಾಸಕೋಶದ ಸೋಂಕು. ಗೆಕೊಗೆಂದು ಬಿಟ್ಟ ಹುಳುಗಳನ್ನು ಇಗ್ವಾನಾ ತಿಂದು ರೂಢಿಯಾದರೆ ಅದರ ಮೂತ್ರಪಿಂಡ ಕೆಡುತ್ತದೆ.

ರಾಯಚೂರಿನ ಹವೆ ಒಟ್ಟಿಗೆ ಸಾಕುವುದನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಮ್ಮ ಮೈಬಿಸಿಗೆ ಸುತ್ತಲಿನ ಶಾಖವನ್ನೇ ನೆಚ್ಚಿದ ಜೀವಿಗಳಿಗೆ ಪೆಟ್ಟಿಗೆಯ ಒಂದು ತುದಿ ಬಿಸಿಯಾಗಿ, ಇನ್ನೊಂದು ತಂಪಾಗಿ ಇರಲೇಬೇಕು. ಚಳಿಗಾಲದಲ್ಲಿ ದೊಡ್ಡ ಹಲ್ಲಿ ಬಿಸಿ ತಾಣ ಹಿಡಿಯುತ್ತದೆ, ಮೇ ತಿಂಗಳಲ್ಲಿ ನೆರಳು ಹಿಡಿಯುತ್ತದೆ. ಎರಡು ಕಾಲದಲ್ಲೂ ಸೋಲುವುದು ಚಿಕ್ಕದು. ಒಂದರ ಮೇಲೊಂದು ಮಲಗಿದ ಹಲ್ಲಿಗಳನ್ನು ಕಂಡು ಗೆಳೆತನ ಎಂದು ಖುಷಿಪಡುವವರು ನೋಡುತ್ತಿರುವುದು ಈ ಪೈಪೋಟಿಯನ್ನೇ. ಕಚ್ಚಾಟವಿಲ್ಲದೆಯೂ ಚಿಕ್ಕ ಹಲ್ಲಿ ಮೇವು ಬಿಟ್ಟು ಸೊರಗುತ್ತದೆ. ಗೆಕೊ ಕೊಬ್ಬು ಕೂಡಿಟ್ಟ ಬಾಲವನ್ನೇ ಕಳಚಿ ಬಿಡುತ್ತದೆ.

ರೋಗದ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬಿಯರ್ಡೆಡ್ ಡ್ರ್ಯಾಗನ್‌ಗಳಲ್ಲಿ ಅಡಿನೊ ವೈರಸ್, ಗೆಕೊಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಇದ್ದರೂ ಹಲ್ಲಿ ಗಟ್ಟಿಮುಟ್ಟಾಗಿಯೇ ಕಾಣಬಹುದು. ಒಂದರ ಹಿಕ್ಕೆ ಇನ್ನೊಂದರ ನೀರಿಗೆ ಬಿದ್ದರೆ ಸಾಕು, ಸೋಂಕು ದಾಟಲು ದಾರಿಯಾಯಿತು. ದನ, ಕುರಿ, ಮೇಕೆಗಳ ಚಿಕಿತ್ಸೆಗೆಂದೇ ರೂಪುಗೊಂಡ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಇದಕ್ಕೆ ಪರಿಣತ ಚಿಕಿತ್ಸೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಹಾಗಾಗಿ ತಡೆಯುವುದೇ ನಮ್ಮ ಕೈಯಲ್ಲಿರುವ ಮದ್ದು.

ಕಾನೂನು ಈ ಕಡೆ ಕಣ್ಣು ಹಾಯಿಸಿದೆ. ಉಡವನ್ನು ಹಿಡಿದಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಂಭೀರ ಅಪರಾಧ. ಅದೇ ಕಾಯ್ದೆಯಡಿಯ 2024ರ ನಿಯಮಗಳ ಪ್ರಕಾರ ಇಗ್ವಾನಾದಂಥ, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟ ಜೀವಿಗಳನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆದರೆ ನೋಂದಣಿಯಿಂದ ಜೀವಿ ಯಾರ ಬಳಿ ಇದೆ ಎಂಬುದಷ್ಟೇ ತಿಳಿಯುತ್ತದೆ. ಅದು ಹೇಗೆ ಬದುಕುತ್ತಿದೆ ಎಂಬುದೂ ಅಷ್ಟೇ ಮುಖ್ಯ. ಓಡಾಡಲು ಸಾಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಈಗಾಗಲೇ ಅಪರಾಧ. ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳು ಒಟ್ಟಾಗಿ, ಯಾವ ಜಾತಿಗೆ ಎಷ್ಟು ಜಾಗ, ಎಷ್ಟು ಬಿಸಿ, ಎಂಥ ಮೇವು ಎಂಬ ಕನ್ನಡದ ಕೈಪಿಡಿ ಹೊರತರಲಿ. ಮಾರುವವರು ಅದನ್ನು ಪ್ರತಿ ಗ್ರಾಹಕರಿಗೂ ಕೊಡುವುದು ಕಡ್ಡಾಯವಾಗಲಿ.

ಸಾಕುವವರ ಹೊಣೆ ಇದಕ್ಕಿಂತ ಸರಳ. ಎರಡನೇ ಪೆಟ್ಟಿಗೆಗೆ ಮನೆಯಲ್ಲಿ ಜಾಗ, ಕೈಯಲ್ಲಿ ಹಣ ಇಲ್ಲದಿದ್ದರೆ ಎರಡನೇ ಹಲ್ಲಿಯನ್ನು ತರಬೇಡಿ.